ಮುಂದಿನ ಕಾರಿನ ಕೆಂಪು ದೀಪ

ಮೇ 4, ಶನಿವಾರ

ಹೊರಟದ್ದಾಯಿತು. ಬೆಳಿಗ್ಗೆ ಏಳಕ್ಕೆ ನಮ್ಮೂರು ನೋವಿ ಸಾದ್‌ನ ಮೀನು ಮಾರುಕಟ್ಟೆಯ ಹಿಂದಿನ ಬಯಲಿನಲ್ಲಿ ಹಳೇ ಕಾಲದ ನಾಲ್ಕು ಪುಟ್ಟ ಫಿಚಾ ಕಾರುಗಳು ಸಾಲಾಗಿ ನಿಂತಿದ್ದವು. ಕೆಂಪು, ಬಿಳಿ, ಆಕಾಶನೀಲಿ, ಕೊನೆಯಲ್ಲಿ ನನ್ನ ಬೆಣ್ಣೆ ಬಣ್ಣದ್ದು. ನನ್ನದು ಅಂದರೆ ನನ್ನ ತಮ್ಮ ಮಿಲೋಯೆಯದು. ಅವನು ನವೆಂಬರಿನಲ್ಲಿ ತೀರಿಕೊಂಡ ಮೇಲೆ ಕಾರು, ಗ್ಯಾರೇಜಿನ ಬೀಗದಕೈ, ಫಿಚಾ ಸಂಘದ ಸದಸ್ಯತ್ವ ಎಲ್ಲ ನನ್ನ ಪಾಲಿಗೆ ಬಂದವು. ಪೋರ್ಚುಗಲ್ಲಿನ ಸಮುದ್ರದವರೆಗಿನ ಈ ಪ್ರವಾಸಕ್ಕಾಗಿ ಅವನು ಎರಡು ವರ್ಷದಿಂದ ನಕ್ಷೆ ಗೀಚುತ್ತಿದ್ದ. ಸಂಘದವರು ಮರ್ಯಾದೆಗೆ ನನ್ನನ್ನೂ ಕರೆದರು. ಬರುತ್ತೇನೆ ಅಂದಾಗ ಅವರ ಮುಖಗಳನ್ನು ನೋಡಬೇಕಿತ್ತು.

ಮುಂದಿನ ಕೆಂಪು ಕಾರಿನಲ್ಲಿ ಓಗ್ನೆನ್ ಮತ್ತು ತಿಯಾನಾ, ಮದುವೆಯಾಗಿ ಎರಡು ವರ್ಷದ ಜೋಡಿ. ಬಿಳಿಯದರಲ್ಲಿ ರಾತ್ಕೊ ಮತ್ತು ಅವನ ಹೆಂಡತಿ ಮಿಲುಂಕಾ; ಬೇಕರಿಯವರು, ಇಬ್ಬರಿಗೂ ಬಾಯಿ ಮುಚ್ಚಿ ಕೂರುವ ಅಭ್ಯಾಸವಿಲ್ಲ. ನೀಲಿಯದರಲ್ಲಿ ಸಂಘದ ಅಧ್ಯಕ್ಷರಾದ ಗ್ವೋಜ್ದೆನ್. ಎಪ್ಪತ್ತೊಂದು ವರ್ಷ. ಮೂವತ್ತೆಂಟು ವರ್ಷ ದೊಡ್ಡ ಲಾರಿಗಳನ್ನು ಯುರೋಪಿನ ಉದ್ದಗಲಕ್ಕೂ ಓಡಿಸಿದವರು. ಅವರ ಹೆಂಡತಿ ಸ್ತಾಮೆನಾಗೆ ಸೊಂಟನೋವು, ಬಂದಿಲ್ಲ. ಅಧ್ಯಕ್ಷರು ಯಾವಾಗಲೂ ಎಲ್ಲರ ಮುಂದೆ ಹೋಗುತ್ತಿದ್ದರಂತೆ. ಈ ಸಲ "ಹುಡುಗರು ಕಲೀಲಿ" ಎಂದು ಓಗ್ನೆನ್‌ನನ್ನು ಮುಂದೆ ಬಿಟ್ಟಿದ್ದಾರೆ.

ಎಲ್ಲ ಕಾರುಗಳ ಹಿಂದಿನ ಗಾಜಿಗೆ ಮಿಲುಂಕಾ ಒಂದೊಂದು ಫಲಕ ಅಂಟಿಸಿದ್ದಳು: ದಾನ್ಯೂಬ್ ನದಿಯಿಂದ ಸಾಗರಕ್ಕೆ. ಸಾಗರ ಎಂಬ ಪದದಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಮೂವತ್ತಮೂರು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು ನಾನು, ನೋಡಿಯೂ ಸುಮ್ಮನಿರಲು ಆಗಲಿಲ್ಲ. ಹೇಳಿದೆ.

"ಮೂರು ದಿನ ಕೂತು ಬರ್ದಿದ್ದೀನಿ ಅಕ್ಕಾ," ಅಂದಳು.

"ಮೂರು ದಿನದಲ್ಲಿ ಒಂದು ಸಲ ಓದಬಹುದಿತ್ತು," ಅಂದೆ.

ಅಲ್ಲಿಂದ ಗಡಿಯವರೆಗೆ ನನ್ನ ಜೊತೆ ಯಾರೂ ಮಾತಾಡಲಿಲ್ಲ. ತಪ್ಪು ಬರೆದವರಿಗೆ ಇಲ್ಲದ ನಾಚಿಕೆ ತೋರಿಸಿದವರಿಗೆ ಯಾಕೆ ಇರಬೇಕು?

ಗಡಿಯಲ್ಲಿ ತಿಯಾನಾ ಬಂದು, "ಆಂಟಿ, ಸ್ವಲ್ಪ ದೂರ ನಿಮ್ಮ ಜೊತೆ ಬರ್ಲಾ?" ಎಂದು ಕೇಳಿದಳು. ಪಕ್ಕದ ಸೀಟಿನಲ್ಲಿ ಉಪಕರಣದ ಪೆಟ್ಟಿಗೆ, ಎಣ್ಣೆ ಡಬ್ಬ, ನನ್ನ ಸೂಟ್‌ಕೇಸು. ಜಾಗವಿಲ್ಲ ಅಂದೆ. ಹಿಂದಿನ ಸೀಟು ಪೂರ್ತಿ ಖಾಲಿ ಇದ್ದದ್ದು ಅವಳಿಗೂ ಕಾಣುತ್ತಿತ್ತು.

ಮೇ 5, ಭಾನುವಾರ

ಮಳೆ. ಇನ್ನೂರು ಕಿಲೋಮೀಟರ್. ಊಟಕ್ಕೆ ಕರೆದರು, ಹೊಟ್ಟೆ ಸರಿಯಿಲ್ಲ ಅಂದೆ. ಹೊಟ್ಟೆ ಸರಿಯಾಗಿಯೇ ಇತ್ತು. ಕೋಣೆಯಲ್ಲಿ ಕೂತು ಬ್ರೆಡ್ಡು, ಸಾಸೇಜು ತಿಂದೆ. ಕೆಳಗಿನಿಂದ ಅವರ ನಗು ಕೇಳುತ್ತಿತ್ತು. ನಡುವೆ ದಾರಿಂಕಾ ಎಂದು ನನ್ನ ಹೆಸರೂ ಬಂದಂತಾಯಿತು.

ಮೇ 7, ಮಂಗಳವಾರ

ಇಟಲಿ. ಪೋ ನದಿಯ ಬಯಲು, ರಸ್ತೆ ಅಳತೆಪಟ್ಟಿ ಇಟ್ಟು ಎಳೆದ ಹಾಗಿದೆ. ಎಲ್ಲರ ಕಾರಿಗೂ ವಾಕಿ-ಟಾಕಿ ಕೊಟ್ಟಿದ್ದಾರೆ. ಇಡೀ ದಿನ ರಾತ್ಕೊನ ಹರಟೆ. "ಬೆಣ್ಣೆ ಡಬ್ಬಿ, ಬೆಣ್ಣೆ ಡಬ್ಬಿ, ಇದ್ದೀರಾ? ಕರಗಿ ಹೋದ್ರಾ?" ಬೆಣ್ಣೆ ಡಬ್ಬಿ ಎಂದರೆ ನಾನು. ನಾನು ಗುಂಡಿ ಒತ್ತಲಿಲ್ಲ. ಸದ್ದು ಕಡಿಮೆ ಮಾಡಿಟ್ಟೆ.

ಕೊನೆಯ ಕಾರಿನಲ್ಲಿ ಕೂತವರಿಗೆ ಮುಂದಿನವರ ಬೆನ್ನು ಬಿಟ್ಟು ನೋಡಲು ಬೇರೇನೂ ಇರುವುದಿಲ್ಲ. ಇವತ್ತು ಆರು ಗಂಟೆ ಕಾಲ ಗ್ವೋಜ್ದೆನ್‌ರ ಕಾರಿನ ಬೆನ್ನು ನೋಡಿದೆ. ಏನೋ ಸರಿಯಿಲ್ಲ. ರಾತ್ಕೊನ ಕಾರು ಹತ್ತಿರವಿದ್ದಾಗ ಅವರದು ನೂಲು ಹಿಡಿದಂತೆ ಓಡುತ್ತದೆ. ರಾತ್ಕೊ ದೂರವಾದರೆ ಎಡಕ್ಕೆ ವಾಲಿ ಗೆರೆ ದಾಟುತ್ತದೆ, ಮತ್ತೆ ತಟ್ಟನೆ ಸರಿಯಾಗುತ್ತದೆ. ಎರಡು ಸಲ ಸೈಕಲ್ಲಿನವರನ್ನು ಕೂದಲೆಳೆಯ ಅಂತರದಲ್ಲಿ ದಾಟಿದರು.

ಮಧ್ಯಾಹ್ನ ಊಟದಲ್ಲಿ ವೈನ್ ಕುಡಿದಿರಬೇಕು. ಲಾರಿಯವರ ಅಭ್ಯಾಸ.

ಮೇ 8, ಬುಧವಾರ

ನಿನ್ನೆ ಬರೆದದ್ದು ಸುಳ್ಳು. ಅವರು ಒಂದು ತೊಟ್ಟೂ ಕುಡಿಯುವುದಿಲ್ಲ.

ಇವತ್ತು ಮಧ್ಯಾಹ್ನ ಖಾನಾವಳಿಯಲ್ಲಿ ನಾನು ಮೂಲೆಯ ಮೇಜು ಹಿಡಿದು ಕೂತಿದ್ದೆ. ಗ್ವೋಜ್ದೆನ್ ಬಂದು ಎದುರು ಕೂತರು. ತಿಂಡಿಪಟ್ಟಿಯನ್ನು ನನ್ನ ಕಡೆ ತಳ್ಳಿ, "ಕನ್ನಡಕ ಕಾರಲ್ಲಿ ಬಿಟ್ಟೆ, ಓದಿ ಹೇಳ್ತೀರಾ?" ಅಂದರು. ಕನ್ನಡಕ ಅವರ ಅಂಗಿಯ ಜೇಬಿನಲ್ಲೇ ಇತ್ತು. ಹೇಳಲಿಲ್ಲ. ಓದಿದೆ.

ಮಾತಾಡುವಾಗ ನನ್ನ ಮುಖ ನೋಡದೆ ಕಿವಿಯ ಹತ್ತಿರ ಎಲ್ಲೋ ನೋಡುತ್ತಾರೆ. ಮೊದಲ ದಿನ ಇದನ್ನು ಸೊಕ್ಕು ಅಂದುಕೊಂಡಿದ್ದೆ. ಮಾತು ಮಾತ್ರ ಚೆನ್ನಾಗಿದೆ. ಈ ಬಯಲಿನಲ್ಲಿ ಚಳಿಗಾಲದ ಮಂಜು ಹೇಗೆ ಬೀಳುತ್ತದೆ, ಲಾರಿಗಳು ಒಂದರ ಹಿಂದೊಂದು ಹೇಗೆ ತೆವಳುತ್ತವೆ, ಯಾವ ಬೆಟ್ಟದ ಇಳಿಜಾರಿನಲ್ಲಿ ಬ್ರೇಕಿನ ವಾಸನೆ ಮೊದಲು ಬರುತ್ತದೆ ಎಂದೆಲ್ಲ ಹೇಳಿದರು. ಮಿಲೋಯೆಯ ಮಾತೂ ಬಂತು.

"ನಿಮ್ಮ ತಮ್ಮ ಒಂದು ಸ್ಕ್ರೂ ಬಿಗಿಮಾಡೋಕೆ ಮೂರು ಸಲ ಯೋಚಿಸೋನು. ನಮ್ಮ ರಾತ್ಕೊ ಮೂರು ಸ್ಕ್ರೂ ಕಳ್ಕೊಂಡ ಮೇಲೆ ಒಂದು ಸಲ ಯೋಚಿಸ್ತಾನೆ."

ನಕ್ಕುಬಿಟ್ಟೆ. ಆಚೆ ಮೇಜಿನಿಂದ ಮಿಲುಂಕಾ ತಿರುಗಿ ನೋಡಿದಳು.

"ಅವನು ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ನಾ?" ಎಂದು ಕೇಳಿದೆ.

"ಹೇಳ್ತಿದ್ದ. ನಮ್ಮಕ್ಕನ ಎದುರು ಪತ್ರಿಕೆ ಓದೋದು ಕಷ್ಟ, ಪುಟಕ್ಕೆ ಹತ್ತು ತಪ್ಪು ಹಿಡೀತಾಳೆ ಅಂತ."

"ಅಷ್ಟೇನಾ?"

"ಅವಳಿಲ್ದಿದ್ರೆ ಮನೇಲಿ ನನ್ನ ಜೊತೆ ಯಾರು ಮಾತಾಡ್ತಾರೆ ಅಂತಾನೂ ಹೇಳ್ತಿದ್ದ."

ನನ್ನ ಮದುವೆ ನಾಲ್ಕು ವರ್ಷಕ್ಕೆ ಮುಗಿದ ಮೇಲೆ ಇಪ್ಪತ್ತಾರು ವರ್ಷ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು. ಸಂಜೆ ಹೊತ್ತು ಅವನು ಗ್ಯಾರೇಜಿನಿಂದ ಬಂದು ಕೈ ತೊಳೆಯುವ ನೀರಿನ ಸದ್ದು ಕೇಳಿದರೆ ನಾನು ಕಾಫಿಗೆ ಇಡುತ್ತಿದ್ದೆ. ಈಗಲೂ ಆರು ಗಂಟೆಗೆ ಕಾಫಿ ಪಾತ್ರೆಗೆ ಕೈ ಹೋಗುತ್ತದೆ.

ಪುಟ ಮುಗಿದೇ ಹೋಯಿತು. ಇಷ್ಟುದ್ದ ಬರೆಯುವ ಉದ್ದೇಶವಿರಲಿಲ್ಲ.

ಮೇ 10, ಶುಕ್ರವಾರ

ಜಿನೋವಾ ದಾಟಿ ಸಮುದ್ರದ ಪಕ್ಕದ ಹಳೆಯ ರಸ್ತೆ. ಒಂದು ಕಡೆ ಬಂಡೆ, ಒಂದು ಕಡೆ ನೀರು, ನಡುವೆ ಸುರಂಗಗಳು. ಹನ್ನೊಂದರ ಹೊತ್ತಿಗೆ ರಸ್ತೆ ರಿಪೇರಿ ನಡೆಯುತ್ತಿದ್ದಲ್ಲಿ ಕಿತ್ತಳೆ ಅಂಗಿಯ ಒಬ್ಬ ಬಾವುಟ ಹಿಡಿದು ನಿಂತಿದ್ದ. ಓಗ್ನೆನ್, ರಾತ್ಕೊ ಆಗಲೇ ದಾಟಿದ್ದರು. ಬಾವುಟದವನು ನಡುರಸ್ತೆಗೆ ಬಂದು ಅದನ್ನು ಎತ್ತಿದ. ಗ್ವೋಜ್ದೆನ್ ನಿಲ್ಲಿಸಲಿಲ್ಲ. ವೇಗ ಕೂಡ ಇಳಿಸಲಿಲ್ಲ. ಆತ ಬಂಡೆಯ ಕಡೆಗೆ ಹಾರಿದ. ಕಾರಿನ ಕನ್ನಡಿ ಬಾವುಟದ ಕೋಲಿಗೆ ಬಡಿದು ಕೋಲು ಎರಡು ತುಂಡಾಯಿತು.

ನಾನು ಹೆಡ್‌ಲೈಟ್ ಮಿಣುಕಿಸಿ, ಹಾರ್ನ್ ಒತ್ತಿ ಒತ್ತಿ, ಮುಂದಿನ ತಿರುವಿನ ಬಳಿ ಅವರನ್ನು ನಿಲ್ಲಿಸಿದೆ. 

"ಆ ಮನುಷ್ಯ ಕಾಣ್ಲಿಲ್ವಾ ನಿಮಗೆ?"

"ಯಾವ ಮನುಷ್ಯ?"

ಅವರ ದನಿಯಲ್ಲಿ ನಟನೆ ಇರಲಿಲ್ಲ. ನಾನು ಹೇಳಿದ್ದನ್ನು ಕೇಳುತ್ತ ಕೇಳುತ್ತ ಅವರ ಮುಖದ ಬಣ್ಣ ಇಳಿಯಿತು. ಮೋಟುಗೋಡೆಯ ಮೇಲೆ ಕೂತರು.

"ಎರಡೂ ಕಣ್ಣಿನ ನಡುಮಧ್ಯ ಬೂದಿ ಬಣ್ಣದ ಮಚ್ಚೆ. ಸುತ್ತ ಎಲ್ಲ ಚೆನ್ನಾಗಿದೆ. ನಡುವೆ ಏನು ಬಂದ್ರೂ ಮಾಯ. ಒಂದೂವರೆ ವರ್ಷ ಆಯ್ತು, ಈ ಚಳಿಗಾಲದಲ್ಲಿ ಜಾಸ್ತಿಯಾಯ್ತು."

"ಯಾರಿಗೆ ಗೊತ್ತು?"

"ಡಾಕ್ಟರಿಗೆ. ಈಗ ನಿಮಗೆ."

"ಸ್ತಾಮೆನಾಗೆ?"

"ಹೇಳಿದ ದಿನಾನೇ ಕೀಲಿ ಬಚ್ಚಿಡ್ತಾಳೆ." ನೀರಿನ ಕಡೆ ಮುಖ ತಿರುಗಿಸಿ ಹೇಳಿದರು: "ಮೂವತ್ತೆಂಟು ವರ್ಷ ಓಡಿಸಿದೀನಿ. ಸರಕು ಇಳಿಸೋದು, ತಿರುಗಿಸೋದು. ಸಾಗರದ ಹತ್ರ ಹತ್ತು ಸಲ ಹೋಗಿದೀನಿ, ಒಂದು ಸಲಾನೂ ಅದರ ದಂಡೆವರೆಗೆ ಹೋಗಿಲ್ಲ, ಹೊತ್ತಿರ್ಲಿಲ್ಲ. ಇದೊಂದು ಸಲ, ದಾರಿಂಕಾ. ಅಲ್ಲಿ ಮುಟ್ಟಿದ ತಕ್ಷಣ ಕೀಲಿ ನಾನೇ ಓಗ್ನೆನ್ ಕೈಗೆ ಹಾಕ್ತೀನಿ. ಅಲ್ಲೀವರೆಗೆ ಯಾರಿಗೂ ಹೇಳ್ಬೇಡಿ."

ಇಲ್ಲ ಅನ್ನಬೇಕಿತ್ತು. ಬಾಯಿಗೂ ಬಂದಿತ್ತು. ಆದರೆ ಅವರು ನನ್ನನ್ನು ನೋಡಲು ತಲೆಯನ್ನು ಅತ್ತಿತ್ತ ಹೊರಳಿಸುತ್ತ, ನನ್ನ ಮುಖ ಸಿಗದೆ ಸೋಲುತ್ತಿದ್ದರು.

ಹೇಳುವುದಿಲ್ಲ ಅಂದೆ. ಒಂದು ಏರ್ಪಾಟನ್ನೂ ನಾನೇ ಸೂಚಿಸಿದೆ. ಇನ್ನು ಮೇಲೆ ನಾನು ಅವರ ಮುಂದೆ ಹೋಗುವುದು. ಹಗಲಲ್ಲೂ ಹಿಂದಿನ ದೀಪ ಹಚ್ಚಿರುವುದು. ಅವರು ಆ ಕೆಂಪನ್ನು ಕಣ್ಣಂಚಿನಲ್ಲಿ ಹಿಡಿದು ಬರುವುದು. ವಾಕಿ-ಟಾಕಿಯಲ್ಲಿ ಬೇರೆಯವರು ಬಳಸದ ಆರನೇ ಚಾನೆಲ್‌ನಲ್ಲಿ ನಾನು ದಾರಿ ಹೇಳುತ್ತ ಹೋಗುವುದು. ಉಳಿದವರಿಗೆ, ನನ್ನ ಎಂಜಿನ್ ಬಿಸಿಯಾಗುತ್ತಿದೆ, ಹಿಂದೆ ಗ್ವೋಜ್ದೆನ್ ಇದ್ದರೆ ಧೈರ್ಯ ಎಂದು ಹೇಳಿದೆವು.

ರಾತ್ಕೊ ನಕ್ಕ. "ಬೆಣ್ಣೆ ಕಡೆಗೂ ಕರಗ್ತು!"

ಮೇ 12, ಭಾನುವಾರ

ಫ್ರಾನ್ಸಿನ ದ್ರಾಕ್ಷಿ ತೋಟಗಳ ನಡುವೆ ಇನ್ನೂರ ಹತ್ತು ಕಿಲೋಮೀಟರ್. ಗಂಟಲು ಕಟ್ಟಿದೆ. ಬೆಳಿಗ್ಗೆಯಿಂದ ಸಂಜೆವರೆಗೆ ಮಾತು.

"ಬಲಕ್ಕೆ ಸೈಕಲ್, ಇಬ್ಬರು. ದಾಟಿದೆ. ಮುಂದೆ ವೃತ್ತ, ಎರಡನೇ ದಾರಿ. ನಿಧಾನ. ಟ್ರಾಕ್ಟರ್ ಬರ್ತಿದೆ. ಅದರ ಮೇಲೆ ನಾಯಿ ಕೂತಿದೆ."

"ನಾಯಿ ಓಡಿಸ್ತಿದ್ಯಾ?"

"ಇಲ್ಲ, ಯಜಮಾನನ ಹಾಗೆ ಕೂತಿದೆ."

"ಹಾಗಾದ್ರೆ ಸರಿ, ಅದಕ್ಕೆ ದಾರಿ ಬಿಡಿ."

ಹೇಳಬೇಕಾದ್ದು ಮುಗಿದ ಮೇಲೂ ಹೇಳುತ್ತಿದ್ದೆ. ಬೇಲಿಯ ಗುಲಾಬಿ, ಒಣಹಾಕಿದ ಬಟ್ಟೆ, ಬಾಗಿಲಲ್ಲಿ ಬಟಾಣಿ ಸುಲಿಯುವ ಹೆಂಗಸು. ಅವರು ಯಾವುದಕ್ಕೂ ಸಾಕು ಅನ್ನಲಿಲ್ಲ. ಮಧ್ಯಾಹ್ನ ಎಲ್ಲರೂ ಮರದ ಕೆಳಗೆ ಕೂತಾಗ ಮಿಲುಂಕಾ ತನ್ನ ಬೇಕರಿಯ ಒಣಬಿಸ್ಕತ್ತಿನ ಡಬ್ಬ ಚಾಚಿ, "ತಗೊಳ್ಳಿ ಅಕ್ಕಾ, ಇದರ ಮೇಲೆ ಅಕ್ಷರ ಇಲ್ಲ, ತಪ್ಪು ಹಿಡಿಯೋಕೆ ಆಗಲ್ಲ," ಅಂದಳು. ನಾಲ್ಕು ತಿಂದೆ.

ಎಂಟು ಗಂಟೆ ಕಾಲ ನಿದ್ದೆ ಬಂತು, ಎಷ್ಟೋ ತಿಂಗಳ ಮೇಲೆ.

ಮೇ 14, ಮಂಗಳವಾರ

ಸ್ಪೇನಿನ ಗಡಿ. ಗಾಳಿ ಜೋರು, ಕಾರು ಬುಟ್ಟಿಯ ಹಾಗೆ ಅಲ್ಲಾಡಿತು.

ಅಕ್ಟೋಬರಿನಲ್ಲಿ ಮಿಲೋಯೆಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತಿತ್ತು. ನಡುವೆ ನಿಂತು ಗೋಡೆಗೆ ಒರಗುತ್ತಿದ್ದ. ನಾನು ನೋಡಿದೆ. "ಯಾರಿಗೂ ಹೇಳ್ಬೇಡ, ಆಸ್ಪತ್ರೆಗೆ ಸೇರಿಸಿದ್ರೆ ಈ ಪ್ರವಾಸ ಹೋಯ್ತು," ಅಂದ. ಅವನಿಗೆ ಪರಿಚಯದ ಡಾಕ್ಟರೊಬ್ಬರು ನಮ್ಮ ಕಟ್ಟಡದಲ್ಲೇ ಎರಡನೇ ಅಂತಸ್ತಿನಲ್ಲಿದ್ದರು. ಮೂರು ವಾರ ಅವರಿಗೆ ದಿನಾ ನಮಸ್ಕಾರ ಹೇಳಿ ಮುಂದೆ ಹೋದೆ.

ಇಡೀ ಜೀವನ ಎಲ್ಲರ ತಪ್ಪು ಎತ್ತಿ ಹೇಳಿದವಳು ಆ ಮೂರು ವಾರ ಸುಮ್ಮನಿದ್ದೆ.

ಇದನ್ನು ಇವತ್ತು ಯಾಕೆ ಬರೆದೆನೋ.

ಮೇ 15, ಬುಧವಾರ

 ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸ್ಪೇನಿನ ಅರಗೋನ್ ಸೀಮೆಯ ಒಂದು ಸಣ್ಣ ಊರು. ಹತ್ತೂವರೆ. ಇಕ್ಕಟ್ಟಾದ ಮುಖ್ಯ ಬೀದಿ, ಎರಡು ಕಡೆಯೂ ವ್ಯಾನುಗಳು. ನಾನು ಪಾದಚಾರಿಗಳ ಪಟ್ಟೆ ದಾಟಿದೆ, ಯಾರೂ ಇರಲಿಲ್ಲ. "ಪಟ್ಟೆ ಖಾಲಿ, ಬನ್ನಿ," ಅಂದೆ. ಕನ್ನಡಿಯಲ್ಲಿ ನೋಡುವಷ್ಟರಲ್ಲಿ ವ್ಯಾನಿನ ಮರೆಯಿಂದ ಒಬ್ಬ ಅಜ್ಜಿ ಚಕ್ರದ ಕೈಚೀಲ ಎಳೆಯುತ್ತ ಪಟ್ಟೆಗೆ ಇಳಿದಳು. ಸರಿಯಾಗಿ ನಡುವೆ. ನೀಲಿ ಕಾರು ಬರುತ್ತಲೇ ಇತ್ತು.

"ನಿಲ್ಲಿ! ನಿಲ್ಲಿ! ಗ್ವೋಜ್ದೆನ್!"

ನಿಲ್ಲಿಸಿದರು. ಒಂದು ಮಾರು ತಡವಾಗಿತ್ತು. ಕಾರು ಚೀಲಕ್ಕೆ ಬಡಿದು, ಚೀಲ ಅಜ್ಜಿಗೆ ಬಡಿದು, ಅಜ್ಜಿ ನಿಂತಲ್ಲೇ ಕುಸಿದಳು. ರಸ್ತೆಯ ತುಂಬ ಟೊಮೆಟೊ, ಮೊಟ್ಟೆ, ಉದ್ದನೆಯ ಬ್ರೆಡ್ಡು. ಗ್ವೋಜ್ದೆನ್ ಇಳಿದು ಓಡಿ ಬಂದರು. ಆಕೆ ಎಲ್ಲಿ ಬಿದ್ದಿದ್ದಾಳೆಂದು ಸರಿಯಾಗಿ ತಿಳಿಯದೆ ಮೊಣಕಾಲೂರಿ ಟೊಮೆಟೊಗಳ ನಡುವೆ ಕೈಯಾಡಿಸಿದರು. ಅದನ್ನು ನೋಡಿದವಳು ನಾನೊಬ್ಬಳೇ.

ದೇವರು ದೊಡ್ಡವನು, ಮಣಿಕಟ್ಟು ಉಳುಕಿತ್ತು ಅಷ್ಟೇ. ಆಕೆಯ ಮಗ ಬಂದ, ಔಷಧಾಲಯಕ್ಕೆ ಕರೆದೊಯ್ದ. ಮುಂದೆ ಹೋದವರು ವಾಪಸು ಬಂದರು.

"ಏನಾಯ್ತು ಮಾಮ?" ಎಂದು ಓಗ್ನೆನ್ ಕೇಳಿದ.

"ಬ್ರೇಕ್ ಕೈಕೊಡ್ತು," ಅಂದರು ಗ್ವೋಜ್ದೆನ್.

ಎಲ್ಲರೂ ನಂಬಿದರು. ಅಧ್ಯಕ್ಷರ ಮಾತನ್ನು ನಂಬದಿರಲು ಯಾರಿಗೂ ಕಾರಣವಿರಲಿಲ್ಲ. ಮಧ್ಯಾಹ್ನವೆಲ್ಲ ಹೋಟೆಲಿನ ಅಂಗಳದಲ್ಲಿ ರಾತ್ಕೊ ಕಾರಿನ ಕೆಳಗೆ ಮಲಗಿ ಇಲ್ಲದ ದೋಷ ಹುಡುಕಿದ. ನಾಲ್ಕು ಚಕ್ರ ಬಿಚ್ಚಿದ. ಮೈಯೆಲ್ಲ ಎಣ್ಣೆ. "ಇದರಲ್ಲಿ ಏನೂ ಇಲ್ವಲ್ಲ," ಎಂದು ಗೊಣಗಿ ಮತ್ತೆ ಕೆಳಗೆ ನುಗ್ಗುವನು. ಗ್ವೋಜ್ದೆನ್ ಬೆಂಚಿನ ಮೇಲೆ ಕೂತಿದ್ದರು, ಒಂದೊಂದೇ ಉಪಕರಣ ಎತ್ತಿಕೊಡುತ್ತ. ನಾಳೆ ಮತ್ತೆ ಹೊರಡುವುದೆಂದು ಮಾತಾಯಿತು.

ನಾನು ಎದ್ದು ನಿಂತೆ.

"ಬ್ರೇಕ್ ಸರಿಯಾಗಿದೆ ರಾತ್ಕೊ. ಎದ್ದು ಬಾ. ಗ್ವೋಜ್ದೆನ್‌ಗೆ ಕಣ್ಣು ಕಾಣಲ್ಲ."

 ಗ್ವೋಜ್ದೆನ್ ಕೈಯಲ್ಲಿದ್ದ ಸ್ಪ್ಯಾನರನ್ನು ಪೆಟ್ಟಿಗೆಯೊಳಗೆ, ಅದರ ಜಾಗದಲ್ಲೇ, ಮೆಲ್ಲಗೆ ಇಟ್ಟರು.

"ನೀವು ಮಾತು ಕೊಟ್ಟಿದ್ರಿ," ಅಂದರು.

"ಕೊಟ್ಟಿದ್ದೆ."

ರಾತ್ಕೊ ಎದ್ದು ಬಂದ. "ನಿಮಗೆ ಯಾವಾಗಿಂದ ಗೊತ್ತು?"

"ಶುಕ್ರವಾರದಿಂದ."

"ಐದು ದಿನ! ಐದು ದಿನ ನನ್ನ ಹೆಂಡ್ತೀನ ಕೂರಿಸ್ಕೊಂಡು ಇವರ ಮುಂದೆ ಓಡಿಸಿದೀನಿ ನಾನು! ಫಲಕದಲ್ಲಿ ಅರ್ಧ ಅಕ್ಷರ ತಪ್ಪಾದ್ರೆ ಊರಿಗೆಲ್ಲ ಹೇಳ್ತೀರಿ, ಇದನ್ನ ನುಂಗ್ಕೊಂಡು ಕೂತಿದ್ರಾ?"

ಮಿಲುಂಕಾ ಅವನ ತೋಳು ಹಿಡಿದಳು. ಅವಳೂ ನನ್ನ ಕಡೆ ನೋಡಲಿಲ್ಲ. ಗ್ವೋಜ್ದೆನ್ ಗೋಡೆ ಮುಟ್ಟಿಕೊಂಡು ಒಳಗೆ ಹೋದರು. ಇಷ್ಟು ದಿನ ಹಾಗೆ ನಡೆದದ್ದನ್ನು ನಾನು ನೋಡಿರಲಿಲ್ಲ. ಇನ್ನು ಮುಚ್ಚಿಡುವುದು ಬೇಡ ಅನಿಸಿರಬೇಕು.

ರಾತ್ಕೊ ಹೇಳಿದ್ದರಲ್ಲಿ ತಿದ್ದಲು ಒಂದು ಪದವೂ ಇಲ್ಲ.

ಮೇ 16, ಗುರುವಾರ

ಬೆಳಿಗ್ಗೆ ಆ ಅಜ್ಜಿಯ ಮನೆಗೆ ಹೊರಟೆ. ಹೋಟೆಲಿನ ಬಾಗಿಲಲ್ಲಿ ಮಿಲುಂಕಾ ಬಂದು ಸೇರಿಕೊಂಡಳು. ಅಜ್ಜಿ ಎರಡು ಕುರ್ಚಿ ಹಾಕಿ, ಪಟ್ಟಿ ಕಟ್ಟಿದ ಕೈ ಎತ್ತಿ ತೋರಿಸಿ, ಬಾದಾಮಿ ಮಿಠಾಯಿ ಕೊಟ್ಟು, ಒಂದು ಗಂಟೆ ಏನೇನೋ ಹೇಳಿದಳು. ನಮಗಿಬ್ಬರಿಗೂ ಒಂದಕ್ಷರ ತಿಳಿಯಲಿಲ್ಲ. ಮಿಲುಂಕಾ ಅತ್ತಳು. ವಾಪಸು ಬರುವಾಗ, "ನಿಮ್ಮ ಮೇಲೆ ಸಿಟ್ಟು ಇನ್ನೂ ಇದೆ," ಅಂದಳು. ಸರಿ ಅಂದೆ.

ಗ್ವೋಜ್ದೆನ್ ಬಸ್ಸು ಹತ್ತಿ ಊರಿಗೆ ಹೋಗುತ್ತೇನೆ ಅಂದರಂತೆ. ಓಗ್ನೆನ್ ಬಿಡಲಿಲ್ಲ. ಅವರ ಕಾರನ್ನು ತಿಯಾನಾ ಓಡಿಸುವುದೆಂದು ತೀರ್ಮಾನವಾಯಿತು. ತಮ್ಮದೇ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂರಲು ಅವರು ಒಪ್ಪಲಿಲ್ಲ. ಓಗ್ನೆನ್ ಜೊತೆ ಬನ್ನಿ ಅಂದರೆ ಅದೂ ಬೇಡ. ಕೊನೆಗೆ ನನ್ನ ಕಾರಿನ ಕಡೆಗೆ ಕೈ ತೋರಿಸಿದರು.

"ಅವಳ ಜೊತೆ ಬರ್ತೀನಿ. ಅಲ್ಲಿ ಮಾತಾಡೋ ಅಗತ್ಯ ಇರಲ್ಲ."

ಸೀಟಿನ ಮೇಲಿದ್ದದ್ದನ್ನೆಲ್ಲ ಹಿಂದಕ್ಕೆ ಹಾಕಿದೆ.

ಮೇ 17, ಶುಕ್ರವಾರ

ನೂರ ತೊಂಬತ್ತು ಕಿಲೋಮೀಟರ್. ಒಂದು ಮಾತಿಲ್ಲ. ಈ ಕಾರು ಎಷ್ಟು ಚಿಕ್ಕದೆಂದು ಇವತ್ತು ಗೊತ್ತಾಯಿತು. ಗೇರ್ ಬದಲಿಸುವಾಗಲೆಲ್ಲ ನನ್ನ ಕೈ ಅವರ ಮೊಣಕಾಲಿಗೆ ತಾಗುತ್ತದೆ, ಅವರು ಕಾಲು ಸರಿಸುತ್ತಾರೆ.

ಮೇ 18, ಶನಿವಾರ

ಇಳಿಜಾರು ಬಂದಾಗೆಲ್ಲ ಅವರ ಬಲಗಾಲು ನೆಲವನ್ನು ಒತ್ತುತ್ತದೆ, ಅಲ್ಲೊಂದು ಬ್ರೇಕ್ ಇರುವ ಹಾಗೆ. ನಾನು ಗೇರ್ ಹಾಕುವಾಗ ಕರಕರ ಸದ್ದಾದರೆ ಹಲ್ಲು ಕಚ್ಚುತ್ತಾರೆ. ಬೆಳಿಗ್ಗೆ ಒಂದು ಏರಿನಲ್ಲಿ ಎಂಜಿನ್ ಏದುಸಿರು ಬಿಟ್ಟಿತು. ತಡೆಯಲಾರದೆ, "ಮೂರನೇ ಗೇರು," ಅಂದರು. ಎರಡು ದಿನದಲ್ಲಿ ಮೊದಲ ಮಾತು.

"ಗೊತ್ತು."

"ಗೊತ್ತಿದ್ರೆ ಹಾಕ್ಬೇಕು. ಎಂಜಿನ್ ಗೋಳಾಡೋದು ಕೇಳಲ್ವಾ? ಕ್ಲಚ್ ಮೇಲಿಂದ ಕಾಲು ತೆಗೀರಿ. ಅದು ಕಾಲು ಇಡೋ ಮಣೆ ಅಲ್ಲ."

"ಬೇಕಾದ್ರೆ ಇಳಿದು ನಡೀರಿ!"

"ಇಳಿಸು! ಅದನ್ನೂ ಮಾಡಿಬಿಡು! ಇನ್ನೇನು ಉಳಿದಿದೆ? ಮಾತು ಕೊಟ್ಟು ಎಲ್ಲರ ಮುಂದೆ ನನ್ನ ಬಟ್ಟೆ ಬಿಚ್ಚಿದೆಯಲ್ಲ!"

ಅವರ ಮಾತಿನಲ್ಲಿ ನೀವು ಹೋಗಿ ನೀನು ಆದದ್ದು ಆಗ ಇಬ್ಬರ ಲಕ್ಷ್ಯಕ್ಕೂ ಬರಲಿಲ್ಲ. ನಾನು ಕಾರನ್ನು ಪಕ್ಕಕ್ಕೆ ಹಾಕಿದೆ. ನನಗೆ ಅಷ್ಟು ಜೋರಾಗಿ ಕೂಗಲು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಮಿಲೋಯೆಯೂ ಹೀಗೇ ಬೇಡಿಕೊಂಡಿದ್ದ, ಅವನಿಗೂ ಮಾತು ಕೊಟ್ಟಿದ್ದೆ, ಅದನ್ನು ಚೆನ್ನಾಗಿ ಉಳಿಸಿಕೊಂಡೆ, ನವೆಂಬರ್ ಒಂಬತ್ತಕ್ಕೆ ಅವನು ಮೂರನೇ ಅಂತಸ್ತಿನ ಮೆಟ್ಟಿಲ ಮೇಲೆ ಸಿಕ್ಕಿದ, ಕೈಯಲ್ಲಿ ಹಾಲಿನ ಪ್ಯಾಕೆಟ್ ಇತ್ತು ಎಂದು ಹೇಳಿದೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹಾಲು ಇಳಿದು ಎರಡನೇ ಅಂತಸ್ತಿನವರೆಗೂ ಹೋಗಿತ್ತು, ಡಾಕ್ಟರ ಬಾಗಿಲವರೆಗೆ, ಎಂದೂ ಹೇಳಿದೆ.

ಲಾರಿಗಳು ಪಕ್ಕದಲ್ಲಿ ಹೋದಾಗ ಕಾರು ನಡುಗುತ್ತಿತ್ತು.  ಅವರು ಕರವಸ್ತ್ರ ಕೊಟ್ಟರು. ಅದರಲ್ಲಿ ಗ್ರೀಸಿನ ವಾಸನೆ.

"ನಂಗೆ ಹೇಳಿದ್ರೆ ನಾನು ಎಳ್ಕೊಂಡು ಹೋಗ್ತಿದ್ದೆ ಅವನನ್ನ," ಅಂದರು.

"ಗೊತ್ತು."

"ಹೋಗೋಣ ನಡಿ. ಅವರು ಕಾಯ್ತಿರ್ತಾರೆ. ಒಂದನೇ ಗೇರಿಂದ ಶುರು ಮಾಡು, ಮೆಲ್ಲಗೆ."

ಮೇ 19, ಭಾನುವಾರ

ಸಲಮಾಂಕಾದ ಆಚೆ, ಓಕ್ ಮರಗಳ ನಡುವೆ, ಅವರು ತಟ್ಟನೆ "ನಿಲ್ಸು" ಅಂದರು. ನನಗೆ ಏನೂ ಕೇಳಿಸಿರಲಿಲ್ಲ. ಫ್ಯಾನ್ ಬೆಲ್ಟು ಒಂದು ಎಳೆಯಲ್ಲಿ ನಿಂತಿತ್ತು. ಓಗ್ನೆನ್ ಟಾರ್ಚು ಹಿಡಿದು ಬಂದ. "ದೀಪ ನೀನೇ ಇಟ್ಕೋ," ಎಂದು ಹೇಳಿ ಗ್ವೋಜ್ದೆನ್ ಅಂಗಿಯ ತೋಳು ಮಡಚಿದರು. ಕೈ ಒಳಗೆ ಹೋಯಿತು, ಮುಖ ಆಕಾಶದ ಕಡೆಗಿತ್ತು. ಹನ್ನೆರಡು ನಿಮಿಷ. ಹೊಸ ಬೆಲ್ಟು ಕೂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟಿದ್ದರೆ ಅವರಿಗೆ ಸಿಟ್ಟು ಬರುತ್ತಿತ್ತು. ರಾತ್ಕೊ ಒಂದು ಹಳೇ ಬಟ್ಟೆ ಕೊಟ್ಟು, "ಮಾಮ, ನನ್ನ ಬೇಕರಿ ಒಲೆಗೂ ಒಂದು ಕೈ ಹಾಕಿ, ಎರಡು ವರ್ಷದಿಂದ ಒಂದೇ ಕಡೆ ಸುಡ್ತಿದೆ," ಅಂದ.

"ನಿನ್ನ ಒಲೇನಲ್ಲ, ನಿನ್ನ ಲಕ್ಷ್ಯ ಸರಿಯಿಲ್ಲ."

ಎಲ್ಲರೂ ನಕ್ಕೆವು. ರಾತ್ಕೊ ನನ್ನ ಕಡೆಗೂ ನೋಡಿ ನಕ್ಕ. ಆಮೇಲೆ ಜ್ಞಾಪಕ ಬಂದು ಮುಖ ಗಂಟಿಕ್ಕಿದ. ಆಮೇಲೆ ಬಿಟ್ಟುಬಿಟ್ಟ.

ಸಂಜೆ ಗ್ವೋಜ್ದೆನ್ ಊರಿಗೆ ಫೋನ್ ಮಾಡಿಸಿದರು, ನಂಬರು ಒತ್ತಿದ್ದು ನಾನು. ಸ್ತಾಮೆನಾಗೆ ಹೇಳಿದರು. ಆಕೆಯ ಕೂಗು ಅಂಗಳದಲ್ಲಿ ನಮಗೆಲ್ಲ ಕೇಳಿಸಿತು. "ಮೂರ್ಖ! ಕತ್ತೆ! ಒಂದೂವರೆ ವರ್ಷ ನನ್ನ ಪಕ್ಕದಲ್ಲೇ ಮಲಗಿ!" ಗ್ವೋಜ್ದೆನ್ ಫೋನನ್ನು ಕಿವಿಯಿಂದ ದೂರ ಹಿಡಿದು ಕೂತರು. ಕೂಗು ನಿಂತು ಅಳು ಶುರುವಾದಾಗ ಹತ್ತಿರ ತಂದರು. ಆಮೇಲೆ ಫೋನು ನನ್ನ ಕೈಗೆ ಬಂತು.

"ದಾರಿಂಕಾ ಅಲ್ವಾ? ಮಿಲೋಯೆಯ ಅಕ್ಕ? ನೋಡಮ್ಮ, ಸಾರು ಬಿಸಿ ಇದ್ರೆ ಅವನಿಗೆ ಮೊದಲೇ ಹೇಳಿ. ಚಳಿಗಾಲ ಪೂರ್ತಿ ನಾಲಿಗೆ ಸುಟ್ಕೊಂಡ. ನಾನು ಅವಸರ ಅಂದ್ಕೊಂಡಿದ್ದೆ."

ಹೇಳುತ್ತೇನೆ ಅಂದೆ. ರಾತ್ರಿ ಸಾರು ಬಿಸಿಯಾಗಿಯೇ ಇತ್ತು. ಹೇಳಿದೆ.

ಮೇ 22, ಬುಧವಾರ

ಮುಟ್ಟಿದೆವು.

ಲಿಸ್ಬನ್ನಿನ ಆಚೆ ಭೂಮಿ ಒಂದೇ ಸಲಕ್ಕೆ ಮುಗಿದುಹೋಗುತ್ತದೆ. ಬಂಡೆ, ಬೇಲಿ, ಬಹಳ ಕೆಳಗೆ ನೀರು. ನಾಲ್ಕು ಕಾರುಗಳನ್ನು ಸಾಲಾಗಿ ನಿಲ್ಲಿಸಿದೆವು. ಗಾಳಿಗೆ ಬಾಗಿಲು ತೆರೆಯಲಾಗುತ್ತಿರಲಿಲ್ಲ. ಓಗ್ನೆನ್ ನೆಲಕ್ಕೆ ಮುತ್ತಿಟ್ಟ, ತಿಯಾನಾ ಕುಣಿದಳು, ರಾತ್ಕೊ ಪುಟ್ಟ ಲೋಟಗಳಿಗೆ ಪ್ಲಮ್ ಸಾರಾಯಿ ಬಗ್ಗಿಸಿದ. ಅರ್ಧ ಗಾಳಿಯ ಪಾಲಾಯಿತು.

ಗ್ವೋಜ್ದೆನ್ ಕಾರಿನಲ್ಲೇ ಕೂತಿದ್ದರು. ಬಾಗಿಲು ತೆಗೆದು ಮೊಣಕೈ ಕೊಟ್ಟೆ. ಹಿಡಿದುಕೊಂಡರು. ಎಲ್ಲೆಲ್ಲಿ ಕಲ್ಲಿದೆ ಎಂದು ಹೇಳುತ್ತ ಹೇಳುತ್ತ ಬೇಲಿಯವರೆಗೆ ಕರೆದೊಯ್ದೆ.

ಅವರು ಸಮುದ್ರದ ಕಡೆಗೆ ಮುಖ ಮಾಡಿ ನಿಂತರು. ಬಹಳ ಹೊತ್ತು.  ನಾನು ವಿವರಿಸಲು ಬಾಯಿ ತೆರೆದೆ, ಇಷ್ಟು ದಿನ ಬೇಲಿಯ ಗುಲಾಬಿಯನ್ನೂ ಬಿಡದೆ ಹೇಳಿದವಳಿಗೆ ಒಂದು ಪದ ಸಿಗಲಿಲ್ಲ. 

"ಬೂದಿ. ಎಲ್ಲ ಬೂದಿ," ಅಂದರು ಕೊನೆಗೆ. "ಅದು ತುಂಬ ದೊಡ್ಡದಾಗಿ ನನ್ನ ಎದುರಿಗೇ ಇದೆ. ಅದೇ ತೊಂದರೆ."

ವಾಪಸು ಹೋಗಲು ತಿರುಗಿದರು. ತಿರುಗುವಾಗ ಅವರ ಮುಖ ನನ್ನ ಕಡೆ ಬಂತು. ಅಲ್ಲೇ ನಿಂತುಬಿಟ್ಟರು.

"ಅಲ್ಲಾಡ್ಬೇಡ."

"ಏನಾಯ್ತು?"

"ನಿನ್ನ ಮುಖ ಇಲ್ಲ. ಆದ್ರೆ ಅದರ ಸುತ್ತ ಇದೆ. ನೀಲಿ. ಬಿಳೀ ಅಂಚು... ಅಲೆಯಾ ಅದು? ಅಲೆ. ಬರ್ತಿದೆ, ಹೋಗ್ತಿದೆ. ಹಾಗೇ ನಿಂತಿರು ದಾರಿಂಕಾ, ಒಂಚೂರು ಹಾಗೇ ನಿಂತಿರು."

ನಿಂತೆ. ಗಾಳಿ ಕೂದಲನ್ನೆಲ್ಲ ಬಾಯಿಗೆ ತುಂಬಿತು, ಕಣ್ಣಲ್ಲಿ ನೀರು ಬಂತು, ಕೈ ಎತ್ತಲಿಲ್ಲ. ಅವರು ನೆಟ್ಟಗೆ ನನ್ನನ್ನೇ ನೋಡುತ್ತಿದ್ದರು. ಯಾರೂ ನನ್ನ ಕಡೆ ಮುಖ ಮಾಡಿ ಅಷ್ಟು ಹೊತ್ತು ನಿಂತದ್ದಿಲ್ಲ.

ಹಿಂದಿನಿಂದ ಮಿಲುಂಕಾ ಕೂಗಿದಳು. "ಬನ್ರೀ ಇಬ್ರೂ! ಫೋಟೋ ತೆಗೀಬೇಕು, ಎಲ್ಲಾ ಕಾಯ್ತಿದಾರೆ!"

"ಸ್ವಲ್ಪ ತಡ್ಕೊಳ್ಳೇ," ಎಂದು ಮುಖ ತಿರುಗಿಸದೆ ಕೂಗಿ ಹೇಳಿದೆ. "ಅವರು ಇನ್ನೂ ನೋಡ್ತಾ ಇದಾರೆ."